ನಮ್ಮಪ್ಪನ ಅಂಬಾಸಿಡರ್‌ಗೆ ಸಣ್ಣ ಸೆಲ್ಫ್ ಹಾಕಿಸಿದ್ದು ತಪ್ಪಾ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಹಳೇ ಕಾರುಗಳ ಬಗ್ಗೆ ಬರೆದಿದ್ದರು. ಐವತ್ತು ವರ್ಷದ ಕಾರಿಗೆ ಈಗಿನ ಕಾಲದ ಸಣ್ಣ ಸ್ಟಾರ್ಟರ್ ಮೋಟಾರ್ ಹಾಕಿಸುವವರು ಕಾರು ಪ್ರೇಮಿಗಳೇ ಅಲ್ಲ, ಅದು ಶುದ್ಧ ಕಲಬೆರಕೆ ಅಂತ ಅವರ ವಾದ. ಓದಿ ಮೊದಲು ನಗು ಬಂತು. ಆಮೇಲೆ ಕಾಫಿ ಕುಡಿಯುತ್ತಾ ಇನ್ನೊಂದು ಸಲ ಓದಿದೆ, ಸಿಟ್ಟು ಬಂತು. ಯಾಕಂದರೆ ಆ ಕಲಬೆರಕೆ ಮಾಡಿದವರಲ್ಲಿ ನಾನೂ ಒಬ್ಬ. ಮಾಡಿ ಎರಡು ವರ್ಷ ಆಯಿತು, ಇನ್ನೂ ಪಶ್ಚಾತ್ತಾಪ ಆಗಿಲ್ಲ. ಆದರೆ ಮೊದಲ ಸಲ ಅರೆಬರೆ ತಿಳಿದವರ ಕೈಗೆ ಕೊಟ್ಟು ಕೈ ಸುಟ್ಟುಕೊಂಡಿದ್ದೂ ನಿಜ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಮ್ಮದು 1972ರ ಅಂಬಾಸಿಡರ್, ಮಾರ್ಕ್ 2. ನಮ್ಮಪ್ಪ ಕೊಂಡಿದ್ದು. ದಾವಣಗೆರೆಯಲ್ಲಿ ಹತ್ತಿ ಮಿಲ್‌ಗಳ ಸೈರನ್ ಕೇಳಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ಕಾರು ಬೇಕು ಅಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಎಂಜಿನ್ 1489 ಸಿಸಿ ಪೆಟ್ರೋಲ್, ಇಂಗ್ಲೆಂಡಿನ ಬಿ ಸೀರೀಸ್ ಅನ್ನುವ ಮಾದರಿ. 1955ರಲ್ಲಿ ಬಂದ ಎಂಜಿಎ ಅನ್ನುವ ಸ್ಪೋರ್ಟ್ಸ್ ಕಾರಿಗೂ ಮೊದಲು ಹಾಕಿದ್ದು ಇದೇ 1489 ಸಿಸಿ ಎಂಜಿನ್ನೇ. ನಮ್ಮಪ್ಪನಿಗೆ ಇದನ್ನು ಹೇಳಿದರೆ, ಹಾಗಾದರೆ ನಮ್ಮದ್ಯಾಕೆ ಬಾತಿ ಗುಡ್ಡದ ಹತ್ತಿರ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತೆ ಅಂತ ಕೇಳುತ್ತಾರೆ.

ನಮ್ಮ ಕಡೆ ಸ್ಟಾರ್ಟರ್ ಅಂತ ಯಾರೂ ಅನ್ನುವುದಿಲ್ಲ, ಸೆಲ್ಫ್ ಅಂತಲೇ ಅನ್ನುವುದು. ಸೆಲ್ಫ್ ಹೊಡಿ, ಸೆಲ್ಫ್ ತಗೊಳ್ತಿಲ್ಲ, ಸೆಲ್ಫ್ ಮೋಟಾರ್ ಹೋಗಿದೆ. 1912ರ ಕ್ಯಾಡಿಲಾಕ್ ಕಾರಿಗೆ ಕೆಟರಿಂಗ್ ಅನ್ನುವವರು ಕರೆಂಟಿನಿಂದ ತಾನೇ ಸ್ಟಾರ್ಟ್ ಆಗುವ ವ್ಯವಸ್ಥೆ ಮಾಡಿದರು, ಅದರ ಹೆಸರೇ ಸೆಲ್ಫ್ ಸ್ಟಾರ್ಟರ್. ಅದಕ್ಕೂ ಮುಂಚೆ ಪೆಟ್ರೋಲ್ ಕಾರಿನವರು ಹೆಚ್ಚಾಗಿ ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮ ಕಾರಿಗೂ ಹ್ಯಾಂಡಲ್ ಇದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು ಹಿಡಿಯಬೇಕು, ಸುತ್ತಿ ಹಿಡಿದರೆ ಎಂಜಿನ್ ಒದ್ದಾಗ ಬೆರಳು ಮುರಿಯುತ್ತೆ ಅಂತ ನಮ್ಮಪ್ಪ ನನಗೆ ಕಾರು ಓಡಿಸುವುದಕ್ಕಿಂತ ಮುಂಚೆ ಕಲಿಸಿದ್ದರು.

ಹಳೇ ಸೆಲ್ಫ್ ಕೆಲಸ ಮಾಡುವ ರೀತಿ ಸ್ವಲ್ಪ ಒರಟು. ಕೀ ತಿರುಗಿಸಿದರೆ ಬಾನೆಟ್ ಒಳಗಿನ ಸೊಲೆನಾಯ್ಡ್, ಅಂದರೆ ಕರೆಂಟಿನಿಂದಲೇ ಕೆಲಸ ಮಾಡುವ ದೊಡ್ಡ ಸ್ವಿಚ್, ಟಕ್ ಅನ್ನುತ್ತೆ, ಬ್ಯಾಟರಿಯ ಕರೆಂಟ್ ದಪ್ಪ ಕೇಬಲ್‌ನಲ್ಲಿ ಮೋಟಾರಿಗೆ ಹೋಗುತ್ತೆ. ಮೋಟಾರ್ ಒಮ್ಮೆಲೇ ಜೋರಾಗಿ ತಿರುಗಿದಾಗ ಅದರ ಶಾಫ್ಟ್ ಮೇಲಿನ ಸಣ್ಣ ಗೇರು, ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಅನ್ನುವುದು, ಬೋಲ್ಟಿನ ಮರೆಯ (ಥ್ರೆಡ್ಡಿನ) ಮೇಲೆ ನಟ್ಟು ಜಾರಿದ ಹಾಗೆ ಜಾರಿ ಹೋಗಿ ಎಂಜಿನ್ ಹಿಂದಿನ ಫ್ಲೈವೀಲ್ ಚಕ್ರದ ಸುತ್ತ ಇರುವ ಹಲ್ಲಿನ ರಿಂಗಿಗೆ ಢಿಕ್ಕಿ ಹೊಡೆದು ಹಲ್ಲಿಗೆ ಹಲ್ಲು ಕಚ್ಚುತ್ತೆ. ಟಣ್ ಅಂತ ಶಬ್ದ ಬರುವುದು ಅದಕ್ಕೇ. ಎಂಜಿನ್ ಹತ್ತಿಕೊಂಡರೆ ಅದೇ ಬೆಂಡಿಕ್ಸನ್ನು ವಾಪಸ್ ಎಸೆಯುತ್ತೆ. ಕೆಲವು ಸಲ ಕಚ್ಚಿದ್ದು ಬಿಡುವುದಿಲ್ಲ. ಆಗ ಕಾರನ್ನು ಗೇರಿಗೆ ಹಾಕಿ ಹಿಂದೆ ಮುಂದೆ ಅಲ್ಲಾಡಿಸಬೇಕು, ಇಲ್ಲವೇ ಮೋಟಾರಿನ ತುದಿಯ ಚೌಕ ಮೂತಿಗೆ ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಬಿಳಿ ಪಂಚೆ ಉಟ್ಟು ಮದುವೆಗೆ ಹೊರಟಾಗಲೇ ಇದು ಆಗುವುದು.

ನನಗೆ ಸಾಕು ಅನಿಸಿದ್ದು ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಗೇಟ್ ಹಾಕಿದ್ದರು, ಎಂಜಿನ್ ಆಫ್ ಮಾಡಿದೆ. ಹಿಂದಿನ ಸೀಟಲ್ಲಿ ನಮ್ಮಪ್ಪ, ಅವರಿಗೆ ಆಗ 83. ರೈಲು ಹೋಯಿತು, ಗೇಟ್ ಎದ್ದಿತು, ಕೀ ತಿರುಗಿಸಿದರೆ ಟಕ್. ಇನ್ನೊಂದು ಸಲ, ಟಕ್. ಮೂರನೇ ಸಲ ಮೋಟಾರ್ ಅರ್ಧ ಸುತ್ತು ನರಳಿ ನಿಂತಿತು. ಹಿಂದೆ ಒಂದು ಸಿಟಿ ಬಸ್, ಎರಡು ಟಂಟಂ, ಲೆಕ್ಕವಿಲ್ಲದಷ್ಟು ಬೈಕು, ಎಲ್ಲರದೂ ಹಾರ್ನ್. ಮಂಡಕ್ಕಿ ಚೀಲ ಹೊತ್ತಿದ್ದ ಇಬ್ಬರು ಹುಡುಗರು ಚೀಲ ಕೆಳಗಿಟ್ಟು ತಳ್ಳಿದರು. ಹಳಿ ದಾಟಿ ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಹತ್ತಿಕೊಂಡಿತು. ನಮ್ಮಪ್ಪ ಮನೆ ಬರುವ ತನಕ ಒಂದು ಮಾತಾಡಲಿಲ್ಲ. ಕಾರು ಇಳಿಯುವಾಗ ಮಾತ್ರ, ಮಾರಿಬಿಡೋ ಅಂದರು.

ಅಲ್ಲಿಂದ ನನ್ನ ದಡ್ಡತನ ಶುರು. ಎರಡು ವರ್ಷದಲ್ಲಿ ಬ್ಯಾಟರಿ ಮೂರು ಬದಲಿಸಿದ್ದೆ, ಪ್ರತಿ ಸಲವೂ ಇನ್ನೂ ಜಾಸ್ತಿ ಆಂಪಿಯರ್‌ದು. ಅದರಲ್ಲಿ ಆಗದಿದ್ದಾಗ ಒಂದು ವರ್ಕ್‌ಶಾಪಿಗೆ ಹೋದೆ. ಹೆಸರು ಬೇಡ ಬಿಡಿ. ಅವರು ಹೊಸ ಕಾರಿನ ಒಂದು ಸಣ್ಣ ಸ್ಟಾರ್ಟರ್ ತಂದು, ಒಂದು ಕಬ್ಬಿಣದ ಪ್ಲೇಟಿಗೆ ಗ್ಯಾಸ್‌ನಲ್ಲಿ ತೂತು ಕೊರೆದು, ಬೋಲ್ಟು ಹಾಕಿ ಕೂರಿಸಿಕೊಟ್ಟರು. ಹಲ್ಲು ಎಣಿಸಲಿಲ್ಲ, ಅಳತೆ ಹಿಡಿಯಲಿಲ್ಲ. ಮೊದಲ ದಿನ ಭರ್ಜರಿಯಾಗಿ ಸ್ಟಾರ್ಟ್ ಆಯಿತು. ಹದಿನೈದು ದಿನಕ್ಕೆ ಕಬ್ಬಿನ ಗಾಣದ ಶಬ್ದ. ಒಂದು ತಿಂಗಳಿಗೆ ರಿಂಗಿನ ಹಲ್ಲು ಇಲಿ ಕಡಿದ ರೊಟ್ಟಿ ಅಂಚಿನ ಹಾಗಾಗಿತ್ತು. ರಿಂಗ್ ನೋಡಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಅದರ ಖರ್ಚು ಬೇರೆ. ನೀವು ಕಲಬೆರಕೆ ಅನ್ನುವುದಾದರೆ ಇದನ್ನು ಅನ್ನಿ, ಒಪ್ಪುತ್ತೇನೆ.

ಕೊನೆಗೆ ಸಿಕ್ಕವರು ಮಂಡಿಪೇಟೆ ಕಡೆಯ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್. ಎಪ್ಪತ್ತು ದಾಟಿದ್ದಾರೆ, ಎಲ್ಲರೂ ಚಾಚಾ ಅನ್ನುತ್ತಾರೆ. ಅವರು ಆ ಸಣ್ಣ ಸ್ಟಾರ್ಟರ್ ಮುಟ್ಟಲೇ ಇಲ್ಲ. ಮೊದಲು ನನ್ನ ಹಳೇ ಮೋಟಾರನ್ನೇ ವಾಪಸ್ ಕೂರಿಸಿ ಅಂದರು. ರಿಂಗ್ ಕಳಚಿಸಿದಾಗ ಅವರು ತೋರಿಸಿದ್ದು ನನಗೆ ಹೊಸದು. ಹೊಸದಾಗಿ ತಿಂದದ್ದು ಬಿಟ್ಟರೆ, ಹಳೇ ಸವೆತ ರಿಂಗಿನಲ್ಲಿ ಎದುರು ಬದುರು ಎರಡೇ ಜಾಗದಲ್ಲಿತ್ತು. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಎಲ್ಲಿ ಬೇಕಾದರೂ ನಿಲ್ಲುವುದಿಲ್ಲ, ಹೆಚ್ಚಾಗಿ ಅದೇ ಎರಡು ಕಡೆ ನಿಲ್ಲುತ್ತೆ, ಹಾಗಾಗಿ ಬೆಂಡಿಕ್ಸ್ ಐವತ್ತು ವರ್ಷದಿಂದ ಅದೇ ಹಲ್ಲುಗಳಿಗೇ ಗುದ್ದುತ್ತಾ ಬಂದಿತ್ತು. ಹಿಂದೆಲ್ಲ ರಿಂಗನ್ನು ಕಾಯಿಸಿ ಬಿಚ್ಚಿ, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸುತ್ತಿದ್ದರಂತೆ, ಹೊಸ ಹಲ್ಲು ಸಿಕ್ಕ ಹಾಗೆ. ನಮ್ಮದು ಆ ಹಂತ ದಾಟಿತ್ತು, ಬೇರೆ ರಿಂಗ್ ಹಾಕಬೇಕಾಯಿತು. ಜಾಸ್ತಿ ಕಾಯಿಸಿದರೆ ಹಲ್ಲಿನ ಹದ ಹೋಗುತ್ತೆ ಅಂತ ಚಾಚಾ ಪಕ್ಕದಲ್ಲೇ ನಿಂತು ಬಣ್ಣ ನೋಡುತ್ತಿದ್ದರು, ಒಲೆ ಮೇಲೆ ಬೆಲ್ಲದ ಪಾಕ ನೋಡುವವರ ಹಾಗೆ.

ಗೇರ್‌ಬಾಕ್ಸ್ ಮತ್ತೆ ಏರಿದ ಮೇಲೆ ಮಲ್ಟಿಮೀಟರ್ ತೆಗೆದರು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್ ಮೇಲೆ. ಸೆಲ್ಫ್ ಹೊಡೀರಿ ಸಾವ್ಕಾರ್ರೇ ಅಂದರು. ಮೀಟರ್ ಒಂದೂವರೆ ವೋಲ್ಟ್ ದಾಟಿತು. ಅರ್ಧ ವೋಲ್ಟ್ ಒಳಗಿರಬೇಕಂತೆ, ಜಾಸ್ತಿ ಬಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲಿ ತಡೆ ಇದೆ ಅಂತ ಅರ್ಥ. ಕಾರಿನ ಕೆಳಗೆ ನುಗ್ಗಿದರೆ ಎಂಜಿನ್ನಿಗೂ ಬಾಡಿಗೂ ಇರುವ ಅರ್ಥಿಂಗ್ ಪಟ್ಟಿ, ಹೆಣೆದ ತಾಮ್ರದ್ದು, ಹಸಿರು ಹಿಡಿದು ಅರ್ಧ ಎಳೆ ಕಿತ್ತುಹೋಗಿತ್ತು. ಲೆಕ್ಕ ಸುಲಭ. ಸೆಲ್ಫ್ ಹೊಡೆಯುವಾಗ 200 ಆಂಪಿಯರ್ ಹರಿಯುತ್ತೆ ಅಂದುಕೊಳ್ಳಿ. ದಾರಿಯಲ್ಲಿ ಒಂದು ಓಮಿನ ನೂರರಲ್ಲಿ ಒಂದು ಪಾಲು ತಡೆ ಇದ್ದರೆ ಸಾಕು, 2 ವೋಲ್ಟ್ ಅಲ್ಲೇ ಸುಟ್ಟುಹೋಗುತ್ತೆ. ಹನ್ನೆರಡು ವೋಲ್ಟ್ ಬ್ಯಾಟರಿಯಲ್ಲಿ 2 ವೋಲ್ಟ್ ಅಂದರೆ ಸುಮ್ನೆ ಅಲ್ಲ. ಮೂರು ಬ್ಯಾಟರಿ ದುಡ್ಡು ಆ ಒಂದು ಪಟ್ಟಿಯ ಹೆಸರಲ್ಲಿ ಹೋಗಿತ್ತು! ಹೊಸ ಪಟ್ಟಿ ಹಾಕಿ, ಬಾಡಿಯ ಬಣ್ಣ ಕೆರೆದು ಬರೀ ಲೋಹಕ್ಕೆ ಬೋಲ್ಟು ಬಿಗಿದ ಮೇಲೆ ಅದೇ ಹಳೇ ಸೆಲ್ಫ್ ಬೆಳಗಿನ ಹೊತ್ತು ಟಣ್ ಅಂತ ಎತ್ತಿಕೊಂಡಿತು. ಅದಕ್ಕೇ ಹೇಳುವುದು, ಸಣ್ಣ ಸ್ಟಾರ್ಟರ್ ಹಾಕಿಸಬೇಕು ಅನ್ನುವವರು ಮೊದಲು ಸ್ವಲ್ಪ ದುಡ್ಡು ಖರ್ಚು ಮಾಡಿ ಅರ್ಥಿಂಗ್ ನೋಡಿ. ಎಷ್ಟೋ ಕಾರುಗಳ ಕಾಯಿಲೆ ಅಲ್ಲಿಗೇ ಮುಗಿಯುತ್ತೆ.

ಹಾಗಾದರೆ ಯಾಕೆ ಬದಲಿಸಿದೆ ಅಂತ ಕೇಳಬಹುದು. ಬೆಳಿಗ್ಗೆ ಸರಿ ಇತ್ತು, ಚಿತ್ರದುರ್ಗಕ್ಕೆ ಹೋಗಿ ಬಿಸಿಲಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಬಂದರೆ ಮತ್ತೆ ಅದೇ ನರಳಾಟ. ಬಿಚ್ಚಿದಾಗ ಬುಷ್, ಅಂದರೆ ಶಾಫ್ಟ್ ಕೂರುವ ಲೋಹದ ಬಳೆ, ಎಷ್ಟು ಸವೆದಿತ್ತು ಅಂದರೆ ಆರ್ಮೇಚರ್ (ಮೋಟಾರಿನಲ್ಲಿ ತಿರುಗುವ ತಾಮ್ರ ಸುತ್ತಿದ ಭಾಗ) ಒಳಗಿನ ಕಂಬಗಳಿಗೆ ಉಜ್ಜಿ ಹೊಳೆಯುವ ಗೀರು ಬಿದ್ದಿತ್ತು. ಬುಷ್ ಹಾಕಿಸಿದೆ, ಕಾರ್ಬನ್ ಬ್ರಷ್ ಹಾಕಿಸಿದೆ. ಹಿಂದೆ ಒಂದು ಸಲ ರೀವೈಂಡಿಂಗ್ ಮಾಡಿಸಿದ್ದ ಆರ್ಮೇಚರ್ ಬಿಸಿಗೆ ತಾಮ್ರ ಎದ್ದು ಮತ್ತೆ ಸುಟ್ಟಿತು. ಚಾಚಾನೇ ಕೈ ಚೆಲ್ಲಿದರು. ಇದನ್ನು ಮತ್ತೆ ಕಟ್ಟಬಹುದು ಸಾವ್ಕಾರ್ರೇ, ಆದರೆ ಕಟ್ಟುವ ಕೈ ನನ್ನದು, ಕಣ್ಣು ನನ್ನದಲ್ಲ ಈಗ ಅಂದರು.

ಅಕ್ಕನ ಮಗ ಹೊರದೇಶದಲ್ಲಿದ್ದಾನೆ. ಆ ಕಡೆ ಈ ಬಿ ಸೀರೀಸ್ ಎಂಜಿನ್ನಿಗೆ ಅಂತಲೇ ಮಾಡಿದ ಸಣ್ಣ ಸ್ಟಾರ್ಟರ್ ಸಿಗುತ್ತೆ, ಎಂಜಿಎ ಥರದ ಎಂಜಿ ಕಾರುಗಳವರು ಹಾಕಿಕೊಳ್ಳುತ್ತಾರೆ. ಬರುವಾಗ ತಂದುಕೊಟ್ಟ. ನಮ್ಮ ಮಂಡಿಯ ತಕ್ಕಡಿ ಮೇಲಿಟ್ಟೆ, ಹಳೇದು 7 ಕೆ.ಜಿ. ದಾಟಿತ್ತು, ಹೊಸದು 4 ಕೆ.ಜಿ.ಯೂ ಇರಲಿಲ್ಲ. ಇಷ್ಟು ಸಣ್ಣದು ಎಂಜಿನ್ ತಿರುಗಿಸುತ್ತಾ ಅಂತ ಅನುಮಾನ. ಗುಟ್ಟು ಅದರ ಹೊಟ್ಟೆಯಲ್ಲಿದೆ. ಹಳೇದರಲ್ಲಿ ಆರ್ಮೇಚರ್ ಶಾಫ್ಟೇ ನೇರವಾಗಿ ಸಣ್ಣ ಗೇರನ್ನು ತಿರುಗಿಸುತ್ತೆ. ಹೊಸದರಲ್ಲಿ ಮೋಟಾರ್ ಚಿಕ್ಕದು ಆದರೆ ಬಹಳ ವೇಗ, ನಡುವೆ ಗೇರು ಇಟ್ಟು ಆ ವೇಗವನ್ನು ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ, ಆಗ ಬಲ ಏರುತ್ತೆ. ಘಾಟಿ ಹತ್ತುವಾಗ ಫಸ್ಟ್ ಗೇರ್ ಹಾಕುತ್ತೇವಲ್ಲ, ಅದೇ. ಸುತ್ತಲಿನ ತಾಮ್ರದ ತಂತಿ ಸುರುಳಿ, ಅಂದರೆ ಫೀಲ್ಡ್ ಕಾಯಿಲ್ ಬದಲು ಇಂಥ ಬಹಳಷ್ಟು ಮೋಟಾರುಗಳಲ್ಲಿ ಗಟ್ಟಿ ಅಯಸ್ಕಾಂತ. ಕರೆಂಟೂ ಕಡಿಮೆ ಎಳೆಯುತ್ತೆ. ಇನ್ನೊಂದು ಮುಖ್ಯ ವಿಷಯ, ಇದರ ಸೊಲೆನಾಯ್ಡ್ ಮೋಟಾರಿನ ಬೆನ್ನ ಮೇಲೇ ಇರುತ್ತೆ. ಅದು ಮೊದಲು ಗೇರನ್ನು ರಿಂಗಿಗೆ ನಿಧಾನವಾಗಿ ತಳ್ಳಿ ಕಚ್ಚಿಸುತ್ತೆ, ಆಮೇಲೆ ಮೋಟಾರಿಗೆ ಕರೆಂಟ್ ಬಿಡುತ್ತೆ. ಗುದ್ದಾಟ ಇಲ್ಲ.

ಈ ಸಲ ಅಳತೆ ಬಿಡಲಿಲ್ಲ. ಹಲ್ಲು ಹೊಂದಿತು, ಆದರೆ ಗೇರು ಸುಮ್ಮನಿರುವಾಗಲೂ ರಿಂಗಿಗೆ ತೀರಾ ಹತ್ತಿರ ಕೂರುತ್ತಿತ್ತು. ಎರಡು ಮೂರು ಮಿಲಿಮೀಟರ್ ಅಂತರ ಬೇಕು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಕಾಲದಲ್ಲಿ ಕೆಲಸ ಕಲಿತ ಒಬ್ಬ ಟರ್ನರ್ ಈಗ ಮನೆ ಮುಂದೆ ಶೆಡ್ಡಿನಲ್ಲಿ ಒಂದೇ ಒಂದು ಲೇತ್ ಇಟ್ಟುಕೊಂಡಿದ್ದಾರೆ. ಅವರು ಅಂತರಕ್ಕೆ ಒಂದು ಅಲ್ಯೂಮಿನಿಯಂ ರಿಂಗ್ ಕಡೆದುಕೊಟ್ಟರು. ಕಡೆಯುವಾಗ ಎರಡು ಸಲ ಮಷಿನ್ ನಿಲ್ಲಿಸಿ ವರ್ನಿಯರ್ ಹಿಡಿದರು, ಮೂರನೇ ಸಲ ಕೂದಲೆಳೆಯಷ್ಟು ತೆಗೆದರು. ಗ್ಯಾಸ್ ಕಟರ್ ಪ್ಲೇಟ್ ನೆನಪಾಗಿ ನನಗೆ ಹೊಟ್ಟೆ ಉರಿಯಿತು. ಕಾರಿನಲ್ಲಿ ಒಂದು ತೂತೂ ಕೊರೆಯಲಿಲ್ಲ, ಹಳೇ ಬೋಲ್ಟಿನ ಜಾಗಕ್ಕೇ ಕೂತಿತು.

ವೈರಿಂಗ್ ಮಾತ್ರ ಯಾಮಾರುವ ಜಾಗ. ಹಳೇ ಪದ್ಧತಿಯಲ್ಲಿ ಮೋಟಾರಿಗೆ ಹೋಗುವ ದಪ್ಪ ಕೇಬಲ್‌ನಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್. ಹೊಸದಕ್ಕೆ ಬ್ಯಾಟರಿಯಿಂದ ನೇರ ಕೇಬಲ್ ಬೇಕು, ಅಂದರೆ ಅದರಲ್ಲಿ ಹಗಲೂ ರಾತ್ರಿ ಕರೆಂಟ್ ಇರುತ್ತೆ. ಎಲ್ಲಾದರೂ ಉಜ್ಜಿ ಸಿಪ್ಪೆ ಹೋದರೆ ಕಾರೇ ಸುಟ್ಟೀತು. ರಬ್ಬರ್ ಟೋಪಿ, ಕ್ಲಿಪ್ಪು, ಬ್ಯಾಟರಿ ಹತ್ತಿರ ಒಂದು ಕಟಾಫ್ ಸ್ವಿಚ್, ಇವನ್ನು ಬಿಟ್ಟು ಮಾಡಿಸಬೇಡಿ. ಬಾನೆಟ್ ಒಳಗಿನ ಗೋಡೆಯ ಮೇಲಿನ ಹಳೇ ಸೊಲೆನಾಯ್ಡ್ ಇರಲಿ, ಅದರಿಂದ ಹೊಸದರ ಸಣ್ಣ ಟರ್ಮಿನಲ್ಲಿಗೆ ಬರೀ ಸಿಗ್ನಲ್ ವೈರ್ ಎಳೆದರೆ ಸಾಕು. ಚಾಚಾನ ಶಿಷ್ಯ ಹುಡುಗ ಕೆಲಸ ಉಳಿಸಲು ಹೋಗಿ ಹಳೇ ಕೇಬಲ್ಲನ್ನೇ ದೊಡ್ಡ ಟರ್ಮಿನಲ್‌ಗೆ ಹಾಕಿ, ಅಲ್ಲಿಂದ ಸಣ್ಣದಕ್ಕೆ ಒಂದು ತುಂಡು ವೈರ್ ಕೊಟ್ಟುಬಿಟ್ಟಿದ್ದ. ಸ್ಟಾರ್ಟ್ ಆಯಿತು, ಕೀ ಬಿಟ್ಟೆ, ಸೆಲ್ಫ್ ಬಿಡಲಿಲ್ಲ, ಕುಯ್ ಅಂತ ಇನ್ನೂ ತಿರುಗುತ್ತಿತ್ತು. ಅಯಸ್ಕಾಂತದ ಮೋಟಾರ್ ಕರೆಂಟ್ ತೆಗೆದ ಮೇಲೆ ತಿರುಗುತ್ತಿರುವಷ್ಟು ಹೊತ್ತು ತಾನೇ ಡೈನಮೋ ಆಗುತ್ತೆ, ಆ ಕರೆಂಟ್ ತುಂಡು ವೈರಿನಿಂದ ಸೊಲೆನಾಯ್ಡನ್ನು ಹಿಡಿದುಕೊಂಡೇ ಇರುತ್ತೆ. ಚಾಚಾ ಹುಡುಗನ ತಲೆಗೆ ಮೆಲ್ಲಗೆ ಒಂದು ಕೊಟ್ಟು ವೈರ್ ಕಿತ್ತರು.

ಮಾರಿಸ್ ಮೈನರ್, ಅಂಥ ಇನ್ನೂ ಹಳೇ ಇಂಗ್ಲಿಷ್ ಕಾರಿನವರು ಇನ್ನೊಂದು ನೋಡಬೇಕು. ಅವುಗಳಲ್ಲಿ ಬಹಳಷ್ಟರಲ್ಲಿ ಬ್ಯಾಟರಿಯ ಪ್ಲಸ್ಸನ್ನು ಕಾರಿನ ಬಾಡಿಯ ಲೋಹಕ್ಕೆ ಸೇರಿಸಿರುತ್ತಾರೆ. ಕಾಯಿಲ್ ಇರುವ ಹಳೇ ಮೋಟಾರ್ ಪ್ಲಸ್ ಮೈನಸ್ ಅದಲು ಬದಲಾದರೂ ಅದೇ ದಿಕ್ಕಿಗೆ ತಿರುಗುತ್ತೆ, ಅಯಸ್ಕಾಂತದ್ದು ಉಲ್ಟಾ ತಿರುಗುತ್ತೆ. ನಮ್ಮ ಸ್ನೇಹಿತರೊಬ್ಬರ ಮೈನರ್‌ನಲ್ಲಿ ಆಗಿದ್ದು ಅದೇ. ಮೋಟಾರ್ ಕಿರುಚುತ್ತೆ, ಎಂಜಿನ್ ಅಲುಗುವುದಿಲ್ಲ, ಯಾಕಂದರೆ ಒಳಗಿನ ಒನ್‌ವೇ ಕ್ಲಚ್ ಆ ಕಡೆಗೆ ಜಾರುತ್ತೆ. ಕಾರನ್ನು ಮೈನಸ್ ಅರ್ಥ್‌ಗೆ ಬದಲಿಸಿ, ಡೈನಮೋಗೆ ಮತ್ತೆ ಧ್ರುವ ಕೊಟ್ಟು, ಅಮ್ಮೀಟರ್ ವೈರ್ ತಿರುಗಿಸಿದ ಮೇಲೆ ಸರಿಯಾಯಿತು.

ಈಗ ಕಲಬೆರಕೆ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ವಿಎ ಅಕ್ಷರದ ನಂಬರು, ಆದರೆ ಆ ಕಾರನ್ನು ದಿನನಿತ್ಯ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ. ನಿಯಮದಲ್ಲಿ ಸ್ಟಾರ್ಟರ್ ಅಂತ ಹೆಸರು ಹಿಡಿದು ಹೇಳಿಲ್ಲ. ಬೋಲ್ಟು ಬಿಚ್ಚಿ ಅರ್ಧ ದಿನದಲ್ಲಿ ಹಳೇದು ಕೂರಿಸಬಹುದಾದ ಸಾಮಾನು ದೊಡ್ಡ ಮಾರ್ಪಾಡು ಹೇಗಾಗುತ್ತೆ? ನನಗಂತೂ ಆ ನಂಬರೇ ಬೇಡ, ನನಗೆ ಸಂತೆಗೂ ಹೋಗಬೇಕು, ಮದುವೆಗೂ ಹೋಗಬೇಕು. ಇನ್ನು ಮೂಲ ರೂಪದ ಬಗ್ಗೆ ಅಷ್ಟು ಮಾತಾಡುವ ನಮ್ಮ ಜಿಲ್ಲೆಯಲ್ಲೇ ಎಷ್ಟು ಅಂಬಾಸಿಡರ್‌ಗಳ ಪೆಟ್ರೋಲ್ ಎಂಜಿನ್ ಕಿತ್ತು ಮಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿರಲಿಲ್ಲ? ಆಗ ಯಾರೂ ಪತ್ರ ಬರೆಯಲಿಲ್ಲ. ಬೆಂಗಳೂರು ರಸ್ತೆಯಲ್ಲಿ ಲೀಟರಿಗೆ ಎಷ್ಟು ಕೊಡುತ್ತೆ ಅಂತಷ್ಟೇ ಕೇಳುತ್ತಿದ್ದರು.

ಪತ್ರ ಬರೆದವರ ಒಂದು ಮಾತು ಮಾತ್ರ ನನಗೆ ತಟ್ಟಿತು, ಶಬ್ದ ಹೋಗುತ್ತೆ ಅಂದಿದ್ದರು. ಹೌದು, ಹೋಗುತ್ತೆ. ಆ ಟಣ್, ಆಮೇಲಿನ ಗರ‍್ರ್ ಗರ‍್ರ್ ನನಗೆ ಶಾಲೆಗೆ ಹೊರಡುವ ಬೆಳಗಿನ ಶಬ್ದ. ಬಹುಮಾನಕ್ಕೆ ಪ್ರದರ್ಶನದಲ್ಲಿ ನಿಲ್ಲಿಸುವ ಕಾರಾದರೆ, ಒಂದೊಂದು ಸ್ಕ್ರೂ ಸಹ ಅಂದಿನದೇ ಇರುವ ಕಾರಾದರೆ, ನಾನೂ ಮುಟ್ಟಬೇಡಿ ಅನ್ನುತ್ತೇನೆ. ಹಳೇ ಮೋಟಾರ್ ಮಾತ್ರ ಯಾರೂ ಗುಜರಿಗೆ ಹಾಕಬೇಡಿ, ಯಾರಿಗಾದರೂ ಬುಷ್ಷಿಗೋ ಬೆಂಡಿಕ್ಸಿಗೋ ಬೇಕಾಗುತ್ತೆ. ನನ್ನದು ಗ್ರೀಸ್ ಸವರಿ, ಗೋಣಿ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿದೆ. ರೀವೈಂಡಿಂಗ್ ಕಲಿತ ಹುಡುಗರು ಯಾರಾದರೂ ಇದ್ದರೆ ಪತ್ರಿಕೆ ಮೂಲಕವೇ ತಿಳಿಸಿ, ಚಾಚಾನ ಕಣ್ಣು ಪೂರ್ತಿ ಮಂಜಾಗುವ ಮುಂಚೆ ಅವರ ಪಕ್ಕ ಒಂದು ತಿಂಗಳು ಕೂರಲಿ, ಊಟದ ಖರ್ಚು ನನ್ನದು.

ಹೊಸದು ಕೂರಿಸಿದ ದಿನ ನಮ್ಮಪ್ಪನನ್ನು ಕೂರಿಸಿಕೊಂಡು ಕೀ ತಿರುಗಿಸಿದೆ. ಕುಯ್ಯ್ ಅಂತು, ಎಂಜಿನ್ ಹತ್ತಿಕೊಂಡಿತು. ಒಂದು ಕ್ಷಣ ಸುಮ್ಮನಿದ್ದು, ಇದೇನೋ ಅಡುಗೆಮನೇಲಿ ಮಿಕ್ಸಿ ಹಾಕಿದಂಗಾಯ್ತಲ್ಲೋ ಅಂದರು. ಆಮೇಲೆ ಬಾಗಿಲು ಎಳೆದುಕೊಂಡು, ನಡಿ, ಬೆಣ್ಣೆ ದೋಸೆ ತಿಂದು ಬರೋಣ, ಆ ಗೇಟಿನ ದಾರೀಲೇ ಹೋಗು ಅಂದರು.

ಇಂತಿ ನಿಮ್ಮ ಹಳೇ ಓದುಗ,
ಪಿ.ಜೆ. ಬಡಾವಣೆ, ದಾವಣಗೆರೆ